ಕಾಲಿಂದ ಒತ್ತುವ ಪೆಟ್ಟಿಗೆ

ಮಲಪ್ರಭೆಯ ದಂಡೆಯಲ್ಲಿ ಚನ್ನವೀರಯ್ಯ ಎಂಬ ಗವಾಯಿಗಳಿದ್ದರು. ಅವರ ಹಿಂದೆ ತಂಬೂರಿ ಹಿಡಿದು ಕೂತು, ಅವರು ಉಸಿರು ತೆಗೆದುಕೊಳ್ಳುವಾಗ ಮಾತ್ರ ದನಿಗೂಡಿಸುತ್ತ, ಶಿಷ್ಯೆ ಮಹಾನಂದಾ ಹದಿನಾಲ್ಕು ವರ್ಷ ಕಳೆದಿದ್ದಳು. ಗುರುವಿನ ದನಿ ಎದ್ದ ಕೂಡಲೇ ಹಿಂದಿನವರು ಸುಮ್ಮನಾಗಬೇಕು. ಅದು ಆ ಮನೆಯ ರೀತಿ.

ಈಗ ಗವಾಯಿಗಳಿಗೆ ದಮ್ಮು ಸಾಲುತ್ತಿರಲಿಲ್ಲ. ಬರುವ ಸೋಮವಾರದ ಕಚೇರಿಯನ್ನು ಮಹಾನಂದಾ ಮೊದಲ ಸಲ ಒಬ್ಬಳೇ ಹಾಡಬೇಕಿತ್ತು. ಅವಳಿಗೆ ಊಟ ಸೇರುತ್ತಿರಲಿಲ್ಲ.

ಒಂದು ಮುಂಜಾನೆ ಅವಳು ಪೇಟೆಯಿಂದ ಎರಡು ಲೂಪ್ ಪೆಟ್ಟಿಗೆ ತಂದು, ಗವಾಯಿಗಳು ಕೂತಿದ್ದ ನದಿಯ ಮೆಟ್ಟಿಲ ಮೇಲಿಟ್ಟಳು. ಹಾಡಿದ್ದನ್ನು ಹಿಡಿದಿಟ್ಟುಕೊಂಡು, ನಿಲ್ಲಿಸುವ ತನಕ ಅದನ್ನೇ ಸುತ್ತಿ ಸುತ್ತಿ ಕೇಳಿಸುವ ಯಂತ್ರಗಳು ಅವು. ಗುಂಡಿ ಒತ್ತುವುದು ಕಾಲಿಂದ. ಕೈ ವಾದ್ಯಕ್ಕೆ ಬೇಕಲ್ಲ.

"ಎರಡೂ ನೋಡಿ ಒಂದು ಇಟ್ಕೋ ಅಂತ ಅಂಗಡಿಯವರು ಕೊಟ್ಟಾರ್ರಿ ಅಪ್ಪಾರ. ಯಾವುದು ಇಟ್ಕೊಳ್ಳಲಿ?"

"ಏನ್ ಫರಕ್ ಐತಿ?"

"ಈ ಸಣ್ಣದು ಆರಿಸಿದ ಕೂಡ್ಲೆ ಎಲ್ಲಾ ಮರೀತೈತಿ. ದೊಡ್ಡದು ಎಷ್ಟು ವರ್ಷ ಆದರೂ ಮರಿಯಂಗಿಲ್ಲ."

"ಮತ್ತ ದೊಡ್ಡದ ಛಲೋ. ಅದರಾಗ ಕೇಳೂದೇನೈತಿ?"

ಅವಳು ತಲೆ ತಗ್ಗಿಸಿದಳು. "ಅದರಾಗ ನಿಮ್ಮ ದನಿ ಬೇಕ್ರಿ. ಒಂದ ಒಂದು ಆಲಾಪ. ಸೋಮವಾರ ನನ್ನ ಜೋಡಿ ಇರಲಿ. ಆಮ್ಯಾಲೂ ಇರಲಿ."

ಗವಾಯಿಗಳು ಬೇಡ ಅನ್ನಲಿಲ್ಲ. ಇದ್ದಬದ್ದ ದಮ್ಮನ್ನೆಲ್ಲ ಕೂಡಿಸಿ ಒಂದು ಸಣ್ಣ ಆಲಾಪ ಹಾಡಿದರು. ದೊಡ್ಡ ಪೆಟ್ಟಿಗೆ ಆ ದನಿಯನ್ನೂ ಅದು ಮುಗಿದ ಮೇಲಿನ ಮೌನವನ್ನೂ ಹಿಡಿದುಕೊಂಡು ಸುತ್ತತೊಡಗಿತು. ಮಹಾನಂದಾಳ ಕಣ್ಣು ತುಂಬಿ ಬಂತು.

"ಹೂಂ, ಹಾಡೀಗ," ಎಂದರು.

ಅವಳು ತಂಬೂರಿ ಎತ್ತಿಕೊಂಡು ಹಾಡಿದಳು. ಇನ್ನೇನು ಮೇಲಿನ ಸಾ, ಆ ತಾರಷಡ್ಜ ಮುಟ್ಟಬೇಕು, ಅಷ್ಟರಲ್ಲಿ ಪೆಟ್ಟಿಗೆಯಿಂದ ಗುರುಗಳ ದನಿ ಎದ್ದಿತು. ಅವಳು ಸುಮ್ಮನಾದಳು. ಅದು ಮುಗಿದ ಮೇಲೆ ಮತ್ತೆ ಹತ್ತಿದಳು. ಮತ್ತೆ ಎದ್ದಿತು, ಮತ್ತೆ ಸುಮ್ಮನಾದಳು. ಏಳು ಸಲ ಇದೇ ಪಾಡು. ತಾರಷಡ್ಜ ಮಾತ್ರ ಸಿಗಲಿಲ್ಲ.

"ಯಾಕ ನಿಲ್ಲತಿ?"

"ನೀವು ಹಾಡುವಾಗ ನಾ ಹೆಂಗ ಹಾಡ್ಲಿರಿ?"

"ನಾ ಬಾಯಿ ಮುಚ್ಚಿಕೊಂಡು ಇಲ್ಲೇ ಕುಂತೀನಲ್ಲ! ಅದನ್ನ ಬಂದ್ ಮಾಡಿ ಹಾಡು."

ಅವಳ ಕಾಲು ಗುಂಡಿಯ ತನಕ ಹೋಗಿ ಹಿಂದೆ ಬಂತು. ತಂಬೂರಿಯನ್ನು ಕೆಳಗಿಟ್ಟು, ಬಗ್ಗಿ, ಕೈಯಿಂದ ಒತ್ತಿದಳು. ಆ ಬೆರಳುಗಳನ್ನು ಕಣ್ಣಿಗೊತ್ತಿಕೊಂಡಳು.

"ಕಾಲಿಂದ ಒತ್ತೂದಲ್ಲೇನು?"

"ಒಳಗ ನೀವು ಅದೀರಿ. ಕಾಲು ಹೆಂಗ ಇಡ್ಲಿ?"

ಗವಾಯಿಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ಕೆಮ್ಮಾಯಿತು, ಕೆಮ್ಮು ನಿಂತ ಮೇಲೂ ನಕ್ಕರು.

"ಸೋಮವಾರ ಅಷ್ಟು ಮಂದಿ ಮುಂದ, ಹಾಡು ಬಿಟ್ಟು ಪೆಟ್ಟಿಗಿಗೆ ನಮಸ್ಕಾರ ಮಾಡಕೋತ ಕೂಡ್ತೀಯೇನು?"

ಅವಳಿಗೂ ನಗು ಬಂತು. ನಗುತ್ತಲೇ ಅತ್ತಳು.

"ಒಬ್ಬಾಕಿನ ಹಾಡಾಕ ಅಂಜಿಕಿ ಆಗತೈತ್ರಿ ಅಪ್ಪಾರ. ನಿಮ್ಮ ದನಿ ಇಲ್ಲದ ನಾ ಎಂದೂ ಹಾಡಿಲ್ಲ."

ಗವಾಯಿಗಳು ಪೆಟ್ಟಿಗೆಯ ಕಡೆ ಬೆರಳು ಮಾಡಿದರು.

"ಅಳಿಸಿಬಿಡು," ಎಂದರು.

"ಅಪ್ಪಾರ!"

"ಕಾಲಿಂದನ."

ಅವಳು ಬೇಡಿಕೊಂಡಳು. ಅವರು ಬೆರಳು ಇಳಿಸಲಿಲ್ಲ. ಕೊನೆಗೆ ಅವಳು ಅವರ ಪಾದ ಮುಟ್ಟಿ ನಮಸ್ಕರಿಸಿ, ಕಾಲನ್ನು ಗುಂಡಿಯ ಮೇಲಿಟ್ಟು ಅದುಮಿ ಹಿಡಿದಳು. ಕೆಂಪು ದೀಪ ಎರಡು ಸಲ ಮಿನುಗಿ ಆರಿತು. ಪೆಟ್ಟಿಗೆಯಲ್ಲಿ ಏನೂ ಉಳಿಯಲಿಲ್ಲ.

ಗವಾಯಿಗಳು ದೊಡ್ಡದನ್ನು ಆಚೆ ಸರಿಸಿ ಸಣ್ಣದನ್ನು ಅವಳ ಕಾಲ ಬಳಿ ಇಟ್ಟರು.

"ಇದನ್ನ ಇಟ್ಕೋ ಮಗಳ. ದಿನಾ ಮುಂಜಾನೆ ಖಾಲಿ ಇರತೈತಿ."

"ದಿನಾ ಇದರಾಗ ಯಾರ ದನಿ ತುಂಬ್ಲಿರಿ?"

"ಅವತ್ತ ಹಾಡಾಕ ಯಾರು ಕುಂತಿರತಾರೋ, ಅವರದ."