ದಂಡಿನ ವೈದ್ಯನ ವೀಳ್ಯ

"ಬುದ್ಧಿ, ನ್ಯಾಯ ನಮ್ಮ ಕಡೆಗಿದ್ದಾಗ ಕೊನೆಯವರೆಗೂ ಪಟ್ಟು ಹಿಡಿಯಬೇಕಲ್ಲವೇ?" ಎಂದು ಮರುಳಯ್ಯ ಕೇಳಿದ.

ಕೇಳಿದ ರೀತಿಯಲ್ಲೇ ಶಿಷ್ಯ ಯಾರೊಂದಿಗೋ ಜಗಳವಾಡಿ ಬಂದಿದ್ದಾನೆಂದು ಗುರುಗಳಿಗೆ ತಿಳಿಯಿತು. ಯಾರೊಂದಿಗೆ ಎಂದು ಅವರು ವಿಚಾರಿಸಲಿಲ್ಲ. ವಿಚಾರಿಸಿದ್ದರೆ ಅವನ ಮಾತು ಮುಗಿಯುವ ಹೊತ್ತಿಗೆ ಪೂಜೆಯ ವೇಳೆ ಮೀರುತ್ತಿತ್ತು. "ಹಿಡಿಯಬೇಕು, ಯಾರು ಬೇಡವೆಂದರು? ಕೂತುಕೋ" ಎಂದು ಕತೆ ಶುರುಮಾಡಿದರು.

ಒಂದು ರಾಜ್ಯದಲ್ಲಿ ಒಬ್ಬ ವೈದ್ಯನಿದ್ದ. ಕೈಗುಣ ಒಳ್ಳೆಯದು, ಬಾಯಿ ಅಷ್ಟು ಒಳ್ಳೆಯದಲ್ಲ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರಲ್ಲ, ಆ ಗಾದೆಯ ಮೊದಲರ್ಧವನ್ನು ರೋಗಿಗಳಿಗೆ ದಿನವೂ ಹೇಳುತ್ತಿದ್ದ. ಉಳಿದರ್ಧವನ್ನು ಎಂದೂ ತನಗೆ ಹೇಳಿಕೊಂಡವನಲ್ಲ. ಆದರೂ ಜನ ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು. ಅವನು ತೊಳೆದು ಕಟ್ಟಿದ ಗಾಯ ಕೀವಾಗುತ್ತಿರಲಿಲ್ಲ.

ಆ ರಾಜ್ಯದಲ್ಲಿ ದಂಡಿನವರಿಗೆ ಮದ್ದು ಮಾಡುವ ಕೆಲಸವನ್ನು ಅರಮನೆಯವರು ಗುತ್ತಿಗೆ ಕೊಡುತ್ತಿದ್ದರು. ಕೊಡುವ ಮೊದಲು ಒಂದು ಪರೀಕ್ಷೆ ಇತ್ತು. ಬಂದ ವೈದ್ಯರಿಗೆ ಒಂದೊಂದು ಡೇರೆ, ಡೇರೆಗೆ ಇಷ್ಟೆಂದು ಗಾಯಾಳುಗಳು. ಗೊತ್ತುಮಾಡಿದ ದಿನ ನಗಾರಿ ಬಾರಿಸುತ್ತಿದ್ದರು. ಯಾರ ಡೇರೆಯಿಂದ ಹೆಚ್ಚು ಮಂದಿ ಎದ್ದು ಬಂದು ಸಾಲಿನಲ್ಲಿ ನಿಲ್ಲುತ್ತಾರೋ ಆ ವೈದ್ಯನಿಗೆ ವೀಳ್ಯ. ವೀಳ್ಯ ಕೈಗೆ ಬಂತೆಂದರೆ ಗುತ್ತಿಗೆ ಬಂತು.

ಆ ವರ್ಷ ನಗಾರಿ ಬಾರಿಸಿದಾಗ ನಮ್ಮ ವೈದ್ಯನ ಡೇರೆಯಿಂದ ಅರ್ಧಕ್ಕರ್ಧ ಜನ ಎದ್ದು ಬಂದರು. ಪಕ್ಕದ ಡೇರೆಯಲ್ಲಿ ಹೊಸಬನೊಬ್ಬ ವೈದ್ಯನಿದ್ದ. ಅವನ ಡೇರೆ ಪೂರಾ ಖಾಲಿಯಾಯಿತು. ಕಾಲಿಗೆ ಪೆಟ್ಟು ಬಿದ್ದವನೂ ನಗುನಗುತ್ತ ಬಂದು ನಿಂತ. ಆ ನಗು ಕಂಡೇ ನಮ್ಮ ವೈದ್ಯನಿಗೆ ಅನುಮಾನ ಬಂತು. ಹತ್ತಿರ ಹೋಗಿ ಒಬ್ಬೊಬ್ಬರ ಕಣ್ಣು ನೋಡಿದ. ಕಣ್ಣಿನ ಪಾಪೆಗಳು ಸಾಸಿವೆ ಕಾಳಿನಷ್ಟಾಗಿದ್ದವು. ಹೊಸಬ ಅಫೀಮು ತಿನ್ನಿಸಿ ನೋವನ್ನು ಮಲಗಿಸಿದ್ದ. ಗಾಯ ಇದ್ದ ಹಾಗೇ ಇತ್ತು.

ಅಷ್ಟರಲ್ಲಿ ವೀಳ್ಯ ಹೊಸಬನ ಕೈ ಸೇರಿತ್ತು. ನಮ್ಮವನು ಸುಮ್ಮನಿರುವ ಆಸಾಮಿಯಲ್ಲ. ನೇರವಾಗಿ ಪ್ರಧಾನಿಯ ಬಳಿಗೆ ಹೋಗಿ, ಈ ಗುತ್ತಿಗೆ ಮೋಸದ್ದು ಎಂದು ತಕರಾರು ಹೇಳಿದ.

ಪ್ರಧಾನಿ ತಾಳ್ಮೆಯ ಮನುಷ್ಯ. ಎಲ್ಲವನ್ನೂ ಕೇಳಿಸಿಕೊಂಡು, "ನೀನು ಹೇಳುವುದು ನಿಜವಿದ್ದೀತು. ಆದರೆ ಸೋತವನು ಏನು ಹೇಳಿದರೂ ಹೊಟ್ಟೆಕಿಚ್ಚಿನ ಮಾತಿನಂತೆಯೇ ಕೇಳಿಸುತ್ತದೆ, ನೋಡು. ನಾನೇ ಪಾಳೆಯಕ್ಕೆ ಬಂದು ಕಟ್ಟುಗಳನ್ನು ಬಿಚ್ಚಿಸಿ ನೋಡುತ್ತೇನೆ. ಒಂದು ಗಾಯ ಕೊಳೆತಿದ್ದರೂ ಗುತ್ತಿಗೆ ಅವನ ಕೈತಪ್ಪುತ್ತದೆ. ಅಲ್ಲಿಯವರೆಗೆ ನೀನೂ ಪಾಳೆಯದಲ್ಲೇ ಇರು" ಎಂದ.

ವೈದ್ಯ ಪಾಳೆಯದಲ್ಲಿ ಉಳಿದ. ವೈದ್ಯರೊಳಗೆ ಒಂದು ಕಟ್ಟಳೆಯಿತ್ತು. ಒಬ್ಬ ಕಟ್ಟಿದ ಕಟ್ಟನ್ನು ಇನ್ನೊಬ್ಬ ತಾನಾಗಿ ಬಿಚ್ಚಬಾರದು. ಗಾಯಾಳುವೇ ಬಾಯಿಬಿಟ್ಟು ಕೇಳಿದರೆ ಮಾತ್ರ ಬಿಚ್ಚಬಹುದು. ಹಾಗಾಗಿ ಅವನು ಹೊಸಬನ ರೋಗಿಗಳ ನಡುವೆ ಬರಿಗೈಯಲ್ಲಿ ಅಡ್ಡಾಡುತ್ತಿದ್ದ. ಯಾರದಾದರೂ ಗಾಯ ಮಾಯಿತೆಂದು ಕಿವಿಗೆ ಬಿದ್ದರೆ ಅವತ್ತು ಊಟ ಸೇರುತ್ತಿರಲಿಲ್ಲ. ವೈದ್ಯ ಎಂಥವನಾದರೂ ಕೆಲವು ಗಾಯಗಳು ತಮ್ಮಷ್ಟಕ್ಕೆ ತಾವೇ ಮಾಯುತ್ತವೆ, ಪಾಪ, ಅವಕ್ಕೆ ಗುತ್ತಿಗೆಯ ಜಗಳ ಗೊತ್ತಿಲ್ಲ. ಹೀಗೇ ಎಲ್ಲವೂ ಮಾಯ್ದುಬಿಟ್ಟರೆ ತನ್ನ ಗತಿಯೇನು ಎಂದು ವೈದ್ಯನಿಗೆ ದಿಗಿಲು ಹತ್ತಿತು. ಸುಳ್ಳುಗಾರನೆಂಬ ಹೆಸರು ಹೊತ್ತು ಊರಿಗೆ ಹಿಂದಿರುಗಬೇಕಾಗುತ್ತಿತ್ತು.

ಕೊನೆಗೆ, ನಾಳೆ ಬೆಳಿಗ್ಗೆ ಪ್ರಧಾನಿ ಬರುತ್ತಾನೆಂದು ಸುದ್ದಿ ಬಂತು. ಅವತ್ತೇ ಮಧ್ಯಾಹ್ನ ಒಬ್ಬ ಕಾಲಾಳು ಮಲಗಿದ್ದಲ್ಲಿಂದಲೇ ಅವನನ್ನು ಕರೆದ.

"ಪಂಡಿತರೇ, ಮೀನಖಂಡ ಸಿಡಿಯುತ್ತಿದೆ. ಆ ಹೊಸಬರು ಕೊಟ್ಟ ಗುಳಿಗೆಗೆ ನೋವು ಈಗ ಬಗ್ಗುತ್ತಿಲ್ಲ. ನೀವೊಂದು ಸಲ ಬಿಚ್ಚಿ ನೋಡಿ."

ಗಾಯಾಳುವೇ ಬಾಯಿಬಿಟ್ಟು ಕೇಳಿದ್ದಾಯಿತು. ಕಟ್ಟಳೆಯ ಅಡ್ಡಿಯೂ ಇರಲಿಲ್ಲ. ವೈದ್ಯ ಬಗ್ಗಿದ. ಕಟ್ಟಿಗೆ ಕೈ ಹಾಕುವ ಮೊದಲೇ ಕೀವಿನ ವಾಸನೆ ಮೂಗಿಗೆ ಬಡಿಯಿತು. ಆಗ ಅವನಿಗೆ ಸಂತೋಷವಾಯಿತು. ಹೇಳಲು ನಾಚಿಕೆಯಾಗುತ್ತದೆ, ಮರುಳಯ್ಯ, ಆದರೆ ಆದದ್ದು ಅದೇ. ಎಷ್ಟೋ ದಿನದಿಂದ ಹುಡುಕುತ್ತಿದ್ದದ್ದು ಸಿಕ್ಕಿತ್ತು.

ಕಟ್ಟಿನ ಮೇಲ್ಭಾಗವನ್ನು ಮುಟ್ಟಿ ನೋಡಿದ. ಕೀವಿನ ಕೆಂಪು ಇನ್ನೂ ಮೊಣಕಾಲಿನ ಕೆಳಗೇ ಇತ್ತು. ಈಗಲೇ ಕೀವು ತೆಗೆದು, ಬೇವಿನ ಕಷಾಯದಲ್ಲಿ ತೊಳೆದರೆ ಕಾಲು ಉಳಿಯುತ್ತದೆ. ಮೊಣಕಾಲು ದಾಟಿತೆಂದರೆ ಕಾಲು ತೆಗೆಯುವುದೊಂದೇ ದಾರಿ. ಇದು ಅವನಿಗೆ ಗೊತ್ತಿತ್ತು. ದಂಡಿನಲ್ಲಿ ನಡೆಯಲಾರದವನಿಗೆ ಅನ್ನವಿಲ್ಲ ಎನ್ನುವುದೂ ಗೊತ್ತಿತ್ತು.

ಆದರೆ ಈಗ ತೊಳೆದು ಕಟ್ಟಿದರೆ ಅದು ತನ್ನ ಕಟ್ಟಾಗುತ್ತದೆ. ಒಳಗೆ ಏನಿತ್ತು ಎಂದು ಯಾರಿಗೆ ತೋರಿಸುವುದು? ಕೆಡಿಸಿದವನು ಇವನೇ ಎಂದು ಆ ಹೊಸಬ ಹೇಳಿದರೂ ಹೇಳಿಯಾನು. ಈ ಕಾಲಾಳೊಬ್ಬನ ಕಾಲು ಉಳಿಸಲು ಹೋದರೆ ನಾಳೆಯಿಂದ ಇಡೀ ದಂಡು ಆ ಅಫೀಮಿನವನ ಕೈಗೆ ಬೀಳುತ್ತದೆ, ಆಗ ಹೋಗುವ ಕಾಲುಗಳೆಷ್ಟೋ ಎಂದು ವೈದ್ಯ ಲೆಕ್ಕ ಹಾಕಿದ. ಲೆಕ್ಕ ತಪ್ಪಿರಲಿಲ್ಲ. ತಪ್ಪಿದ್ದರೆ ನಾನು ಈ ಕತೆ ಹೇಳುವ ಅಗತ್ಯವೇ ಇರಲಿಲ್ಲ.

"ಬೆಳಗಿನವರೆಗೆ ತಡೆದುಕೋ ತಮ್ಮಾ. ಪ್ರಧಾನಿಗಳ ಎದುರಲ್ಲೇ ಬಿಚ್ಚುತ್ತೇನೆ" ಎಂದ.

"ಆಗಲಿ ಪಂಡಿತರೇ, ನೀವು ಹೇಳಿದ ಮೇಲೆ ಮುಗಿಯಿತು" ಎಂದು ಆ ಕಾಲಾಳು ಮಲಗಿದಲ್ಲೇ ಕೈಮುಗಿದ. ಒಳ್ಳೆಯ ಕೈಗುಣದ ವೈದ್ಯನ ಮಾತೆಂದು ನಂಬಿದ. ನಂಬದೆ ಏನು ಮಾಡಿಯಾನು?

ಬೆಳಗಾಯಿತು. ಪ್ರಧಾನಿ ಬರಲಿಲ್ಲ. ದೊಡ್ಡವರ ಬೆಳಿಗ್ಗೆ ಯಾವಾಗ ಆಗುತ್ತದೋ ಬಲ್ಲವರಾರು? ವೈದ್ಯ ಪಾಳೆಯದ ಬಾಗಿಲಲ್ಲಿ ನಿಂತು ದಾರಿ ನೋಡಿದ. ಡೇರೆಯೊಳಗಿಂದ ನರಳಾಟ ಕೇಳುತ್ತಿತ್ತು. ಒಳಗೆ ಹೋಗಲು ಅವನಿಗೆ ಧೈರ್ಯ ಸಾಲಲಿಲ್ಲ. ಹೋದರೆ ಕೈ ತಾನಾಗಿ ಕಟ್ಟಿಗೆ ಹೋಗುತ್ತದೆಂದು ಹೆದರಿದ. ಹೀಗೆಯೇ ಹೊತ್ತು ನೆತ್ತಿಗೇರಿ ಇಳಿಯಿತು.

ಪ್ರಧಾನಿಯ ಪಲ್ಲಕ್ಕಿ ಬಂದದ್ದು ಸಂಜೆಗೆ. ವೈದ್ಯ ಅವನನ್ನು ನೇರವಾಗಿ ಆ ಕಾಲಾಳಿನ ಬಳಿಗೆ ಕರೆದುಕೊಂಡು ಹೋಗಿ, ಎಲ್ಲರ ಎದುರಿಗೆ ಕಟ್ಟು ಬಿಚ್ಚಿದ. ಬಂದವರೆಲ್ಲ ಮೂಗಿಗೆ ಉತ್ತರೀಯ ಹಿಡಿದರು. ಕೆಂಪು ಮೊಣಕಾಲು ದಾಟಿ ತೊಡೆಗೆ ಏರಿತ್ತು. ಕಾಲಾಳಿಗೆ ಮೈಮೇಲೆ ಎಚ್ಚರವಿರಲಿಲ್ಲ. ಹೊಸಬ ತಲೆ ತಗ್ಗಿಸಿ ನಿಂತ.

ಇಷ್ಟು ಹೇಳಿ ಗುರುಗಳು ನೀರು ಕುಡಿಯಲು ತಂಬಿಗೆ ಎತ್ತಿಕೊಂಡರು. ಮರುಳಯ್ಯನಿಗೆ ತಡೆಯಲಾಗಲಿಲ್ಲ.

"ಕೊನೆಗೆ ಗುತ್ತಿಗೆ ಯಾರಿಗಾಯಿತು, ಬುದ್ಧಿ?"

"ನಮ್ಮ ವೈದ್ಯನಿಗೇ ಆಯಿತು. ನಿಂತ ಜಾಗದಲ್ಲೇ ವೀಳ್ಯ ಕೊಟ್ಟರು. ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡ."

ಮರುಳಯ್ಯನ ಮುಖ ಅರಳಿತು. "ಹಾಗಾದರೆ ನ್ಯಾಯವೇ ಗೆದ್ದಿತಲ್ಲ, ಬುದ್ಧಿ" ಎಂದ.

ಗುರುಗಳು ತಂಬಿಗೆಯನ್ನು ಕೆಳಗಿಟ್ಟು ಅವನನ್ನು ನೋಡಿದರು.

"ಆ ಕಾಲಾಳು ಏನಾದ ಎಂದು ನೀನೂ ಕೇಳಲಿಲ್ಲವಲ್ಲ, ಮರುಳಯ್ಯ."