ಹಾಲುಕೆನೆ ಬಣ್ಣದ ಕಾರು

ಶಿಷ್ಯ ಕೇಳಿದ: "ಬುದ್ಧಿ, ನನಗೂ ನಮ್ಮ ಅಣ್ಣನಿಗೂ ಜಗಳವಿಲ್ಲ. ಚಿಕ್ಕಂದಿನಲ್ಲಿ ಒಂದೇ ತಟ್ಟೆಯಲ್ಲಿ ಉಂಡು, ಬೈದಾಡಿಕೊಂಡು ಬೆಳೆದವರು. ತಂದೆ ಹೋದ ಮೇಲೆ ಅವರನ್ನೇ ತಂದೆ ಎಂದು ತಿಳಿದು ನಡೆದಿದ್ದೇನೆ. ಕಂಡಾಗ ಕಾಲಿಗೆ ಬೀಳುತ್ತೇನೆ, ಎದುರಾಡುವುದಿಲ್ಲ. ಆದರೂ ಇಬ್ಬರೇ ಕೂತರೆ ಎರಡು ಮಾತು ಹೊರಡುವುದಿಲ್ಲ. ಈಗ ಅವರು ಹಾಸಿಗೆ ಹಿಡಿದಿದ್ದಾರೆ. ನಾಳೆ ನೋಡಲು ಹೋಗುತ್ತಿದ್ದೇನೆ. ತಪ್ಪು ಎಲ್ಲಿದೆ?"

ಗುರುಗಳು ಒಂದು ಕತೆ ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ಜವಳಿ ವ್ಯಾಪಾರಿ ಇದ್ದ. ಅವನ ತಂದೆಯದೊಂದು ಹಳೆಯ ಕಾರು. ಈಗಿನ ಕಾರುಗಳಂತಲ್ಲ, ಬಾಗಿಲು ಹಾಕಿದರೆ ತಿಜೋರಿ ಮುಚ್ಚಿದ ಸದ್ದು. ಯುಗಾದಿ ಬಂತೆಂದರೆ ತಂದೆ ಅದರಲ್ಲಿ ಹೆಂಡತಿ ಮಗನನ್ನು ಕೂರಿಸಿಕೊಂಡು ಹೆಂಡತಿಯ ತವರಿಗೆ ಹೋಗುತ್ತಿದ್ದ. ಪೆಟ್ರೋಲಿನ ವಾಸನೆ, ಬಿಸಿಲಿಗೆ ಕಾದ ಸೀಟಿನ ವಾಸನೆ, ಡಬ್ಬಿಯಲ್ಲಿದ್ದ ಒಬ್ಬಟ್ಟಿನ ವಾಸನೆ. ಮೂರೂ ಕೂಡಿದ ಆ ವಾಸನೆ ಈಗ ಎಲ್ಲಿ ಸಿಗುತ್ತದೆ, ಹೇಳು! ತಂದೆ ತೀರಿಕೊಂಡ ಮೇಲೆ ಕಾರು ಮೂಲೆ ಸೇರಿತು.

ತಾಯಿಗೆ ವಯಸ್ಸಾಯಿತು. ಒಂದು ದಿನ ಅವಳು ಮಗನಿಗೆ, "ಈ ಯುಗಾದಿಗೆ ಒಂದ್ಸಲ ಅದೇ ಕಾರಲ್ಲಿ ಹೋಗಿ ನನ್ನ ತಮ್ಮನ್ನ ನೋಡ್ಕೊಂಡು ಬರಾಣ ಕಣಪ್ಪ" ಎಂದಳು. ಅದುವರೆಗೆ ಮಗನನ್ನು ಏನನ್ನೂ ಕೇಳಿದವಳಲ್ಲ.

ಮಗ ಕಾರನ್ನು ಹೊರಗೆ ತಂದು ಎಂಜಿನ್ನು ರಿಪೇರಿ ಮಾಡಿಸಿದ. ತಂದೆಯ ಕಾಲದ ಹಾಲುಕೆನೆ ಬಣ್ಣವನ್ನೇ ಹುಡುಕಿಸಿ, ಒಂದು ಗೀರೂ ಉಳಿಯದಂತೆ ಒಳಗೂ ಹೊರಗೂ ಬಳಿಸಿದ. ಹಬ್ಬದ ಬೆಳಗ್ಗೆ ತಾಯಿ ಹೊಸ ಸೀರೆ ಉಟ್ಟು ಬಂದು ಕೂತಳು. ಮಗ ಸ್ಟಾರ್ಟರ್ ಗುಂಡಿ ಒತ್ತಿದ. ಕಾರು ಟಕ್ ಎಂದು ಸುಮ್ಮನಾಯಿತು.

ಬ್ಯಾಟರಿ ಸತ್ತಿದೆ ಎಂದುಕೊಂಡು ಪಕ್ಕದ ಮನೆಯ ಕಾರಿನದನ್ನು ತಂದು ಹಾಕಿದ. ಮತ್ತೆ ಟಕ್. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಎಂಜಿನ್ನನ್ನು ಎಬ್ಬಿಸುವ ಸ್ಟಾರ್ಟರ್ ಮೋಟಾರೇ ಹೋಗಿದೆಯೆಂದು ಅದನ್ನು ಕಳಚಿ, ನೆಲದ ಮೇಲಿಟ್ಟು, ಬ್ಯಾಟರಿಯಿಂದ ನೇರವಾಗಿ ತಂತಿ ಕೊಟ್ಟ. ಮೋಟಾರು ಗರ್ರೆಂದು ತಿರುಗಿತು. ಕಾರಿನಲ್ಲಿ ಕೂರಿಸಿದರೆ ಅದೇ ಟಕ್. ದೀಪ ಹಾಕಿ ನೋಡಿದ. ಉರಿಯಿತು, ಗುಂಡಿ ಒತ್ತಿದೊಡನೆ ಮಂಕಾಯಿತು. ಮೇಲೆ ಥಳಕು ಒಳಗೆ ಹುಳುಕು ಎನ್ನೋಣವೆಂದರೆ ಒಳಗೂ ಎಲ್ಲ ಚೆನ್ನಾಗಿಯೇ ಇತ್ತು. ಬಿಸಿಲೇರಿತು. ತಾಯಿ ಇಳಿಯಲಿಲ್ಲ. ಮಗನಿಗೆ ಅಳು ಬಂತು.

ಕೊನೆಗೆ ತಾಯಿ ಕಿಟಕಿಯಿಂದ ಕತ್ತು ಹೊರಹಾಕಿ ಕೇಳಿದಳು: "ನಿಮ್ಮಪ್ಪ ಉಜ್ಜೋ ಜಾಗ ಉಜ್ಜಿದ್ಯೇನೋ?"

"ಯಾವ ಜಾಗ ಅಮ್ಮ?"

"ಆ ಬ್ಯಾಟರಿ ತಂತಿ ಕಾರಿನ ತಗಡಿಗೆ ಕಚ್ಕೊಳ್ಳೋ ಕಡೆ. ಆಯುಧಪೂಜೆ ಬಂದ್ರೆ ಊರೋರೆಲ್ಲ ಗಾಡಿಗೆ ಅರಿಶಿನ ಕುಂಕುಮ ಬಳಿಯೋರು, ಇವರು ಉಪ್ಪುಕಾಗದ ಹಿಡ್ಕೊಂಡು ಕೂರೋರು. ಇರೋ ಬಣ್ಣಾನೂ ಹೋಯ್ತದೆ ಕಣ್ರೀ ಅಂತ ನಾನು ಬಯ್ದಷ್ಟೂ ನಗೋರು."

ಮಗ ಬಗ್ಗಿ ನೋಡಿದ. ತಂತಿ ಕಾರಿನ ಮೈಗೆ ಸೇರುವಲ್ಲಿಯೂ ಆ ಬಣ್ಣ ದಪ್ಪವಾಗಿ ಕೂತಿತ್ತು. ಅದರ ಮೇಲೆಯೇ ಬೋಲ್ಟು ಬಿಗಿದಿದ್ದ. ಬಣ್ಣ ಕರೆಂಟಿಗೆ ಅಡ್ಡ ನಿಂತಿತ್ತು. ದೀಪಕ್ಕೆ ಸಾಲುವಷ್ಟು ಹೇಗೋ ನುಸುಳುತ್ತಿತ್ತು. ಮೋಟಾರಿಗೆ ಬೇಕಾದಷ್ಟು ಹರಿಯುತ್ತಿರಲಿಲ್ಲ. ಆಸೆಪಟ್ಟು ಬಳಿಸಿದ ಬಣ್ಣ, ಕೆರೆಯಲು ಅವನಿಗೆ ಕೈ ಬರಲಿಲ್ಲ. ಆದರೂ ಕೆರೆದ. ತಗಡು ಬೆತ್ತಲಾಯಿತು. ತಂತಿ ಬಿಗಿದು ಗುಂಡಿ ಒತ್ತಿದ. ಆ ಹಳೆಯ ಸದ್ದು ಬೀದಿ ತುಂಬ ಎದ್ದಿತು. ತಾಯಿ ಸೆರಗು ಬಾಯಿಗೆ ಹಿಡಿದು ಅತ್ತಳು, ನಕ್ಕಳು. ಸಂಜೆಯೊಳಗೆ ತಮ್ಮನ ಮನೆ ಮುಟ್ಟಿದರು.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ಹೇಳಿದ: "ನಾನು ಅಣ್ಣನಿಗೆ ಯಾವ ಬಣ್ಣವನ್ನೂ ಬಳಿದಿಲ್ಲ ಬುದ್ಧಿ. ಕೊಟ್ಟದ್ದು ಗೌರವ."

ಗುರುಗಳು ಕೇಳಿದರು: "ಆಗಲಪ್ಪ, ನಿಮ್ಮಣ್ಣನ ಕೈಲಿ ನೀನು ಕೊನೆಯ ಸಲ ಬೈಸಿಕೊಂಡದ್ದು ಯಾವಾಗ?"