ಮೊದಲ ತುತ್ತು

ಶಿಷ್ಯ ಕೇಳಿದ: "ಗುರುಗಳೇ, ನಿಮ್ಮ ನಂತರ ಈ ಪಾಠಶಾಲೆಯನ್ನು ನಾನೇ ನೋಡಿಕೊಳ್ಳಬೇಕೆಂದು ಬರೆದುಕೊಟ್ಟಿದ್ದೀರಿ. ಅದು ಸಾಲದೇ? ಈಗಲೇ ಪಾಠ ಬಿಟ್ಟು ಜಗಲಿಯ ಮೇಲೆ ಕೂರುವುದೇಕೆ? ಹುಡುಗರು ನನ್ನ ಮಾತು ಕೇಳುವುದಿಲ್ಲ. ಬಾಗಿಲ ಕಡೆಗೇ ನೋಡುತ್ತಾರೆ."

ಗುರುಗಳು ಒಂದು ಕತೆ ಹೇಳಿದರು.

ಪಟ್ಟಣದಲ್ಲಿ ಒಬ್ಬ ವಕೀಲನಿದ್ದ. ಬುದ್ಧಿಯ ಬೆಳವಣಿಗೆ ಕುಂಠಿತವಾದ ಮಕ್ಕಳಿಗೆ ಶಾಲೆಯಲ್ಲಿ ಜಾಗ ಕೊಡಿಸುವುದು, ಅವರ ತಂದೆತಾಯಿಗೆ ಉಯಿಲು ಮಾಡಿಕೊಡುವುದು ಅವನ ಕಸುಬು. ಅವನ ಕಚೇರಿಯಲ್ಲಿ ಒಬ್ಬ ಗುಮಾಸ್ತೆ. ಶಾಲೆಯ ಅರ್ಜಿ ಬರೆಯುತ್ತ ಕೆಲಸಕ್ಕೆ ಸೇರಿದವಳು, ಅದೇ ಮಕ್ಕಳ ತಂದೆತಾಯಿ ಮುದುಕರಾಗಿ ಉಯಿಲಿಗೆ ಬರುವವರೆಗೂ ಅಲ್ಲೇ ಉಳಿದಳು.

ಒಮ್ಮೆ ಅವಳು ಸಿದ್ಧಪಡಿಸಿದ ಉಯಿಲಿನಲ್ಲಿ ಯಾವ ತಪ್ಪೂ ಇರಲಿಲ್ಲ. ಆದರೆ ತಾಯಿ ಸತ್ತ ಮೇಲೆ ಆ ಮನೆಯ ಮಗ ಉಯಿಲಿನಲ್ಲಿ ಹೆಸರಿಸಿದ ಪೋಷಕನ ಕೈಯಿಂದ ಊಟ ಮಾಡದೆ ಆಸ್ಪತ್ರೆ ಸೇರಿದ. ಅಂದಿನಿಂದ ಅವಳು ಒಂದು ಪದ್ಧತಿ ಇಟ್ಟುಕೊಂಡಳು. ಸಹಿಗೆ ಮುಂಚೆ ಪೋಷಕನಾಗುವವನು ಊಟ ಮಾಡಿಸಬೇಕು. ತಾಯಿ ಹೊರಗಿರಬೇಕು.

ಒಬ್ಬ ತಾಯಿ ಬಂದಳು. ಅವಳಿಗೆ ಕಾಯಿಲೆ, ಹೆಚ್ಚು ಕಾಲ ಉಳಿಯುವುದಿಲ್ಲವೆಂದು ವೈದ್ಯರು ಹೇಳಿದ್ದರು. ಮಗಳು ವಯಸ್ಸಿಗೆ ಬಂದಿದ್ದರೂ ಮಾತಾಡಲಾರಳು, ತಾನಾಗಿ ಉಣ್ಣಲಾರಳು. ಅವಳನ್ನು ನೋಡಿಕೊಳ್ಳಲು ತಾಯಿಯ ತಮ್ಮ ಒಪ್ಪಿದ್ದ. ಗುಮಾಸ್ತೆಯ ಪದ್ಧತಿ ಕೇಳಿ ಅವನು ನಕ್ಕ.

"ಅಲ್ಲಮ್ಮ, ಸೋದರಮಾವ ಅನ್ನ ಕಲಸುವುದಕ್ಕೂ ವಕೀಲರು ಬೇಕೇ?"

"ಕಾನೂನಿಗೆ ನೀವು ಒಪ್ಪಿದರೆ ಸಾಕಣ್ಣ. ಅವಳೂ ಒಪ್ಪಬೇಕಲ್ಲ?"

ಮರುದಿನ ಮಧ್ಯಾಹ್ನ ಗುಮಾಸ್ತೆ ಅವರ ಮನೆಗೆ ಹೋದಳು. ತಾಯಿ ಜಗಲಿಯ ಮೇಲೆ ಕುಳಿತಳು. ತಮ್ಮ ಒಳಗೆ ಅನ್ನ ಸಾರು ಕಲಸಿ ತುತ್ತು ಎತ್ತಿದ. ಮಗಳು ಬಾಯಿ ತೆರೆಯಲಿಲ್ಲ. ಮುದ್ದಿಸಿದ, ಗದರಿದ. ಅವಳು ಅವನ ಮುಖವನ್ನೇ ನೋಡುತ್ತ ಕುಳಿತಳು.

"ಅಕ್ಕಾ, ಯಾವ ಮಂತ್ರ ಹಾಕಿ ಉಣ್ಣಿಸುತ್ತೀಯೇ?" ಎಂದು ಒಳಗಿನಿಂದ ಕೂಗಿದ.

"ಮಂತ್ರ ಎಲ್ಲಿಯದೋ? ಕಲಸುತ್ತೇನೆ, ಕೊಡುತ್ತೇನೆ."

ಗುಮಾಸ್ತೆ ತಾಯಿಯನ್ನು ಒಳಗೆ ಕರೆದಳು. ತಾಯಿ ಕಲಸಿದಳು. ಮೊದಲ ತುತ್ತನ್ನು ತನ್ನ ಬಾಯಿಗೆ ಹಾಕಿಕೊಂಡಳು. ಮುಂದಿನ ತುತ್ತನ್ನು ಮಗಳು ತಿಂದಳು. ಮಗಳು ಎಳೆಯವಳಿದ್ದಾಗ ಅನ್ನದ ಬಿಸಿ ನೋಡಲು ಶುರುಮಾಡಿದ ಅಭ್ಯಾಸ ಅದು. ತಾಯಿಗೇ ಅದರ ಅರಿವಿರಲಿಲ್ಲ. ತಮ್ಮ ಗಮನಿಸಿದ. ಆದರೆ ಹಿಂಜರಿದ. ತನ್ನ ಎಂಜಲನ್ನು ಇನ್ನೊಬ್ಬರಿಗೆ ಕೊಡಬಾರದೆಂಬ ನಿಯಮದಲ್ಲಿ ಬೆಳೆದವನು ಅವನು.

ತಾಯಿ ಸಹಿ ಹಾಕಲಿಲ್ಲ. ದಿನವೂ ಊಟದ ಹೊತ್ತಿಗೆ ಜಗಲಿಗೆ ಹೋಗಿ ಕುಳಿತಳು. ಒಳಗೆ ಮಗಳು ಹಸಿದು ಅಳುತ್ತಿದ್ದಳು. ಇವಳು ಬಾಗಿಲವರೆಗೆ ಹೋಗಿ ಹಿಂದಿರುಗುತ್ತಿದ್ದಳು. ತಮ್ಮ ಸೋತು ಕರೆದ ಮೇಲೆಯೇ ಒಳಗೆ ಹೋಗುತ್ತಿದ್ದಳು.

ಒಂದು ದಿನ ತಮ್ಮ ಕರೆಯಲಿಲ್ಲ. ಮೊದಲ ತುತ್ತನ್ನು ತಾನು ತಿಂದಿದ್ದ. ಅಳು ನಿಂತಿತು. ಮಗಳು ಉಣ್ಣುತ್ತಿರುವುದು ತಿಳಿದು ತಾಯಿ ಅತ್ತಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಕಚೇರಿಗೆ ಹೋಗಿ ಸಹಿ ಹಾಕಿದಳು.

ಶಿಷ್ಯ ಕೇಳಿದ: "ಇದ್ದಷ್ಟು ದಿನವಾದರೂ ಅವಳೇ ಉಣ್ಣಿಸಬಹುದಿತ್ತಲ್ಲ?"

ಗುರುಗಳು ಜಗಲಿಗೆ ಹೋಗಲು ಎದ್ದರು.

"ಆಸ್ತಿಯನ್ನು ಸತ್ತ ಮೇಲೆ ಕೊಡಬಹುದು, ಮಕ್ಕಳನ್ನು ಬದುಕಿದ್ದಾಗಲೇ ಕೊಡಬೇಕು."

ಶಿಷ್ಯ ಹುಡುಗರ ಬಳಿ ಹೋದ.